ಎಣಿಕೆ ಮತ್ತು ಗಣನೆ

ರಸ್ತೆಯಾಗಲಿ, ಅಣೆಕಟ್ಟಾಗಲಿ, ವಸತಿಗೃಹವಾಗಲಿ, ಕಟ್ಟುವ ಮೊದಲು ನಾವು ನೆಲವನ್ನು ಅಳೆಯುತ್ತೇವೆ. ಮಣ್ಣಿನ ಗುಣ, ನೀರಿನ ಹರಿವು, ಖಾತೆದಾರರ ಹೆಸರು ಎಲ್ಲವೂ ಕಡತಕ್ಕೆ ಸೇರುತ್ತವೆ. ಅದೇ ನೆಲದ ಮೇಲೆ ರಾತ್ರಿ ನಡೆದಾಡುವ ಹುಲಿ, ಚಿರತೆಗಳ ಲೆಕ್ಕವೂ ಆ ಕಡತದಲ್ಲಿರಬೇಕೆ? ಇದ್ದರೆ, ಆ ಲೆಕ್ಕಕ್ಕೆ ನಾವು ಎಷ್ಟರಮಟ್ಟಿಗೆ ಬದ್ಧರು? ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ, ಅದರ ನೆರೆಯಲ್ಲಿ ಬೇಸಾಯ ಮಾಡುವ ತಾಳವಾಡಿ ಸೀಮೆಯ ನಮಗೆ ಇದು ದಿನನಿತ್ಯದ ಪ್ರಶ್ನೆಯೇ ಆಗಿದೆ.

ಹಿಂದೆ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಮಣ್ಣು ಬದಲಾದರೆ ಗುರುತೂ ಬದಲಾಗುತ್ತದೆ. ನೋಡುವವನ ಕಣ್ಣಿನ ಮೇಲೂ ಲೆಕ್ಕ ನಿಂತಿರುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಕಾಗದದಲ್ಲಿದ್ದವು. 2005ರಲ್ಲಿ ಹುಡುಕಿದಾಗ ಒಂದೂ ಸಿಗಲಿಲ್ಲ. ಅದಕ್ಕೆ ಮುಂಚೆಯೇ, 1990ರ ದಶಕದಲ್ಲಿ, ನಮ್ಮ ಕನ್ನಡಿಗ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬೇರೊಂದು ದಾರಿ ತೋರಿಸಿದ್ದರು. ಕಾಡುದಾರಿಯ ಎರಡೂ ಬದಿಗೆ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ಹುಲಿಯ ಎರಡೂ ಪಕ್ಕೆಗಳ ಚಿತ್ರ ತೆಗೆಯುವುದು; ಒಂದರ ಪಟ್ಟೆ ಇನ್ನೊಂದರಂತಿಲ್ಲವಾದ್ದರಿಂದ ಒಂದೊಂದನ್ನೂ ಗುರುತಿಸುವುದು; ಮತ್ತೆ ಮತ್ತೆ ಸಿಕ್ಕವೆಷ್ಟು, ಹೊಸವೆಷ್ಟು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವುದು. ಮುಂದೆ ರಾಷ್ಟ್ರೀಯ ಗಣತಿಯಲ್ಲೂ ಕ್ಯಾಮೆರಾಗಳು ಬಂದವು. 2006ರಲ್ಲಿ 1,411 ಎಂದಿದ್ದ ಅಂದಾಜು 2022ಕ್ಕೆ 3,682 ಆಯಿತು.

ಇಂಥ ಸಮೀಕ್ಷೆ ಸಂಖ್ಯೆಯನ್ನಷ್ಟೇ ಹೇಳುವುದಿಲ್ಲ. ಹುಲಿ ಯಾವ ಕಣಿವೆಯಲ್ಲಿ ಮರಿ ಮಾಡುತ್ತದೆ, ಯಾವ ಹಳ್ಳ ಹಿಡಿದು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನೂ ತಿಳಿಸುತ್ತದೆ. ಮಹಾರಾಷ್ಟ್ರದ ಪೆಂಚ್ ಅರಣ್ಯದ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸಿದಾಗ ಪ್ರಾಣಿಗಳು ಅಡಿಯಲ್ಲಿ ದಾಟಲೆಂದು ಒಂಬತ್ತು ಕಡೆ ರಸ್ತೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದರು. 2019ರಲ್ಲಿ ಅಲ್ಲಿನ ಕ್ಯಾಮೆರಾಗಳಿಗೆ ಹದಿನೆಂಟು ಬಗೆಯ ಕಾಡುಪ್ರಾಣಿಗಳು ಕಂಡವು. ದಾಟಿದವುಗಳಲ್ಲಿ ಹನ್ನೊಂದು ಹುಲಿಗಳಿದ್ದವು. ಲಾರಿ ಮೇಲೆ, ಹುಲಿ ಕೆಳಗೆ. ತಿಳಿದು ಕಟ್ಟಿದರೆ ಇಬ್ಬರಿಗೂ ದಾರಿ ಉಂಟೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಇನ್ನೊಂದು ಪಕ್ಷದ ಮಾತನ್ನೂ ನಾವು ಕೇಳಲೇಬೇಕು. ಹುಲಿಯನ್ನು ಮಾದಪ್ಪನ ವಾಹನವೆಂದು ಕೈಮುಗಿಯುವ ರೈತನೇ ಕೊಟ್ಟಿಗೆಯ ಹಸುವನ್ನು ಕಳೆದುಕೊಂಡ ಮರುದಿನ ಪರಿಹಾರಕ್ಕಾಗಿ ಅರ್ಜಿ ಹಿಡಿದು ನಿಲ್ಲುತ್ತಾನೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರದ ಮೇಲೆ ನಿರ್ಬಂಧ ಬಂದಾಗ ಪ್ರತಿಭಟಿಸಿದವರಲ್ಲಿ ತರಕಾರಿ ಬೆಳೆದು ಪೇಟೆಗೆ ಕಳುಹಿಸುವ ನಮ್ಮವರಿದ್ದರು. ರಸ್ತೆಗೆ ಸಿಕ್ಕಿ ಪ್ರಾಣಿ ಸಾಯಬಾರದು ಎಂಬುದೂ ನ್ಯಾಯ. ಬೆಳೆದದ್ದು ಕೊಳೆಯಬಾರದು ಎಂಬುದೂ ನ್ಯಾಯ. ಹುಲಿಯನ್ನು ಉಳಿಸಿದ ಹೆಮ್ಮೆ ದೇಶದ್ದಾಗಿ, ಅದರ ವೆಚ್ಚ ಕಾಡಂಚಿನವರ ಪಾಲಿಗೇ ಬಂದರೆ ಅದನ್ನು ಧರ್ಮವೆನ್ನಲಾಗದು.

ಗಡಿನಾಡಿನವರಾದ ನಮಗೆ ಈ ವಿಷಯ ಬೇಗ ಅರ್ಥವಾಗಬೇಕು. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು; ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಸ್ವಂತ ಮನೆ ಒಂದು ರಾಜ್ಯ, ಸೋದರಮಾವನ ಮನೆ ಇನ್ನೊಂದು. ಜನಗಣತಿಯಲ್ಲಿ ನಮ್ಮ ಮಾತೃಭಾಷೆ ದಾಖಲಾಗಿತ್ತು. ಗೆರೆ ಎಳೆಯುವಾಗ ಆ ದಾಖಲೆ ನೆರವಿಗೆ ಬರಲಿಲ್ಲ. ಎಣಿಕೆಗೆ ಸಿಕ್ಕವರೆಲ್ಲ ಗಣನೆಗೆ ಬರುವುದಿಲ್ಲ ಎಂಬ ಪಾಠವನ್ನು ನಮ್ಮ ಹಿರಿಯರು ಅಂದೇ ಕಲಿತರು. ನಮಗಾದರೂ ಮನವಿ ಬರೆಯಲು ಭಾಷೆಯಿತ್ತು, ಸೇರಲು ಸಂಘವಿತ್ತು. ಬಂಡೀಪುರ, ಮುದುಮಲೆ, ವಯನಾಡು, ಸತ್ಯಮಂಗಲ ಎಂಬ ಭೇದವರಿಯದೆ ತಿರುಗುವ ಹುಲಿಗೆ ಅದಾವುದೂ ಇಲ್ಲ. ಸಮೀಕ್ಷೆಯ ವರದಿಯೇ ಅದರ ಮನವಿ.

ಆ ಮನವಿಗೆ ಬೆಲೆ ಬರಬೇಕಾದರೆ ಮೂರು ನಿಬಂಧನೆಗಳು ಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು, ನಕ್ಷೆ ಸಿದ್ಧವಾಗುವ ಮುನ್ನವೇ ಸಮೀಕ್ಷೆ ನಡೆಯಬೇಕು. ಟೆಂಡರು ಕರೆದ ಮೇಲೆ ಎಣಿಸುವುದು ಲಗ್ನವಾದ ಮೇಲೆ ಜಾತಕ ನೋಡಿದಂತೆ. ಎರಡನೆಯದು, 'ಇಲ್ಲಿ ಬೇಡ' ಎಂದು ಹೇಳುವ ಅಧಿಕಾರ ಆ ವರದಿಗಿರಬೇಕು. ಏನು ಹೇಳಿದರೂ ಕಟ್ಟಡ ಏಳುವುದೇ ಆದರೆ ಕೇಳಿದ್ದೇಕೆ? ಮೂರನೆಯದು, ಹುಲಿಯ ಜಾಡು ಬರೆದ ಹಾಳೆಯಲ್ಲೇ ಕುರಿಗಾಹಿಯ ದಾರಿ, ಸೋಲಿಗರ ಹಾಡಿ, ರೈತನ ಕೊಟ್ಟಿಗೆಗಳೂ ಇರಬೇಕು.

ಹುಲಿ ಇರುವುದು ಗೊತ್ತಿಲ್ಲದೆ ಕಟ್ಟಿದರೆ ಅದು ಅಜ್ಞಾನ. ಗೊತ್ತಿದ್ದೂ ಕಡತವನ್ನು ಮುಚ್ಚಿಟ್ಟು ಕಟ್ಟಿದರೆ ಅದಕ್ಕೆ ಬೇರೆಯದೇ ಹೆಸರಿದೆ. ಕ್ಯಾಮೆರಾಗಳು ಬಂದ ಮೇಲೆ ಅಜ್ಞಾನದ ನೆಪ ಯಾರಿಗೂ ಉಳಿದಿಲ್ಲ. ನಮ್ಮೂರಿನ ಬಳಿ ನಾಳೆ ಯಾವುದೇ ಕಾಮಗಾರಿ ಬರಲಿ, ಪ್ರಾಣಿಗಳ ವರದಿ ಎಲ್ಲಿ, ಅದರಲ್ಲಿ ನಮ್ಮವರ ಹೆಸರು ಎಲ್ಲಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಕೆಲಸ ಇನ್ನು ನಮ್ಮದು, ನಮ್ಮ ಮಕ್ಕಳದು.