ತಾಳ್ಮೆಯೂ ಉಪಶಮನವೂ

ಬಹುಕಾಲದ ರೋಗವುಳ್ಳವರ ಮನೆಗಳಲ್ಲಿ ನಾವು ಆಗಾಗ್ಗೆ ಕೇಳುವ ಮಾತೊಂದುಂಟು: "ರೋಗವೇ ವಾಸಿಯಾಗದಿರುವಾಗ ಕುತ್ತಿಗೆಯ ನೋವಿಗೆ ಏನು ಮಾಡುವದು? ತಾಳಿಕೊಳ್ಳಬೇಕು." ಇದನ್ನು ರೋಗಿಗಳು ತಾವೇ ಹೇಳುವದುಂಟು, ಮನೆಯವರು ಹೇಳುವದೂ ಉಂಟು. ತಾಳ್ಮೆಯು ಸದ್ಗುಣವೆಂಬದರಲ್ಲಿ ಸಂದೇಹವಿಲ್ಲ. ಆದರೆ ತಗ್ಗಿಸಬಹುದಾದ ನೋವನ್ನು ತಗ್ಗಿಸದೆ ಸಹಿಸುವದು ತಾಳ್ಮೆಯೋ? ಮತ್ತೊಬ್ಬನ ನೋವನ್ನು ತಗ್ಗಿಸಲು ನಮ್ಮಿಂದ ಆಗುವಾಗ ಅವನಿಗೆ ತಾಳ್ಮೆಯನ್ನು ಬೋಧಿಸುವದು ನ್ಯಾಯವೋ? ಪ್ರಿಯ ವಾಚಕರೇ, ಈ ಎರಡು ಪ್ರಶ್ನೆಗಳನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಈ ನೋವು ಹೇಗೆ ಹುಟ್ಟುತ್ತದೆಂದು ತಿಳಿಯಬೇಕು. ಮನುಷ್ಯನ ತಲೆಯ ತೂಕ ಸುಮಾರು ೫ ಕಿಲೋಗ್ರಾಂ. ಅದನ್ನು ಹೊರುವದು ಕುತ್ತಿಗೆಯ ೭ ಎಲುಬುಗಳ ಕೆಲಸ. ನೆಟ್ಟಗೆ ನಿಲ್ಲಿಸುವದು ಕತ್ತಿನ ಮತ್ತು ಹೆಗಲಿನ ಮಾಂಸಖಂಡಗಳ ಕೆಲಸ. ತುಂಬಿದ ಬಿಂದಿಗೆಯನ್ನು ಮೈಗೆ ಆನಿಸಿಕೊಂಡರೆ ಹಗುರ. ಅದನ್ನೇ ಕೈ ಚಾಚಿ ಹಿಡಿದರೆ ತೋಳು ಸೋಲುವದು. ಹಾಗೆಯೇ ತಲೆಯು ಹೆಗಲುಗಳ ಮೇಲೆ ನೇರವಾಗಿರುವಾಗ ಹಗುರ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಮಾಂಸಖಂಡಗಳು ಹೆಚ್ಚಾಗಿ ಎಳೆಯಬೇಕು. ಹಾಸಿಗೆ ಹಿಡಿದವನು ಎತ್ತರವಾದ ದಿಂಬುಗಳಿಗೆ ಒರಗಿ, ಗದ್ದವನ್ನು ಎದೆಗೆ ಬಗ್ಗಿಸಿಕೊಂಡು ದಿನವೆಲ್ಲಾ ಇರುತ್ತಾನೆ. ಉಬ್ಬಸದವನು ಉಸಿರೆಳೆಯುವದಕ್ಕೆ ಕುತ್ತಿಗೆಯ ಮಾಂಸಖಂಡಗಳನ್ನೂ ದುಡಿಸುತ್ತಾನೆ. ಸಂಧಿವಾತವುಳ್ಳವರಲ್ಲಿ ಕುತ್ತಿಗೆಯ ಕೀಲುಗಳೇ ರೋಗಕ್ಕೆ ಒಳಗಾಗಬಹುದು. ನೋವಾದ ಕೂಡಲೇ ಮಾಂಸವು ಆ ಸ್ಥಳವನ್ನು ಕಾಯುವದಕ್ಕೋಸ್ಕರ ಬಿಗಿದುಕೊಳ್ಳುತ್ತದೆ. ಬಿಗಿದದ್ದರಿಂದ ನೋವು ಹೆಚ್ಚುತ್ತದೆ. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟವನಿಗೆ ಮರುದಿನದ ನೋವು ಇನ್ನೂ ಅಸಹ್ಯವಾಗುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುವದು. ಆದರೂ ಮೂಲರೋಗವು ಹೋಗದಿದ್ದರೂ ಈ ಸುತ್ತನ್ನು ಯಾವದಾದರೊಂದು ಕಡೆಯಲ್ಲಿ ತಡೆಯಬಹುದು. ನಮ್ಮ ವಿಚಾರಕ್ಕೆ ಇದೇ ಆಧಾರ.

ಒಂದನೇದಾಗಿ, ನೋವುಳ್ಳವನ ಮಾತನ್ನು ನಂಬಬೇಕು. ಮುರಿದ ಕಾಲನ್ನು ಎಲ್ಲರೂ ನೋಡುತ್ತಾರೆ. ಬಿಗಿದ ಕುತ್ತಿಗೆಯು ಯಾರ ಕಣ್ಣಿಗೂ ಕಾಣದು. ಆದದರಿಂದ ಸೊಸೆಯು ಹೇಳಿದರೆ ಕೆಲಸಗಳ್ಳಿ ಎನ್ನುವರು. ಮುದುಕರು ಹೇಳಿದರೆ ವಯಸ್ಸಿನ ಗೊಣಗಾಟ ಎನ್ನುವರು. ವೇದನೆಯ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘದವರು ವೇದನೆಯೆಂದರೇನೆಂದು ೧೯೭೯ರಲ್ಲಿ ನಿರೂಪಿಸಿದ್ದನ್ನು ೨೦೨೦ರಲ್ಲಿ ತಿದ್ದಿದಾಗ, ಒಬ್ಬನು ತನಗೆ ನೋವುಂಟೆಂದು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಬರೆದರು. ನಂಬದವರ ನಡುವೆ ಇರುವ ರೋಗಿಯು ಎರಡು ಹೊರೆ ಹೊರುತ್ತಾನೆ: ನೋವು ಒಂದು, ಅದನ್ನು ರುಜುವಾತುಪಡಿಸುವದು ಮತ್ತೊಂದು. ಎರಡನೆಯದನ್ನು ಅವನ ಮೇಲೆ ಹೊರಿಸುವವರು ನಾವೇ. ಇಳಿಸುವದಕ್ಕೆ ಕಾಸು ಖರ್ಚಿಲ್ಲ.

ಎರಡನೇದಾಗಿ, ಉಪಶಮನವು ಅಲ್ಪವಾದ ಕೆಲಸವಲ್ಲ. ಮಗುವು ಬಿದ್ದು ಅತ್ತರೆ ತಾಯಿಯು ಪೆಟ್ಟಾದ ಸ್ಥಳವನ್ನು ನೀವುತ್ತಾಳೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದ ಹಾಗಿದೆ, ಸ್ಪರ್ಶದ ಸುದ್ದಿ ಬಂದಾಗ ಅದು ಸ್ವಲ್ಪ ಮುಚ್ಚಿಕೊಳ್ಳುತ್ತದೆ ಎಂದು ೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿದ್ವಾಂಸರು ವಿವರಿಸಿದರು. ಅದರ ಸೂಕ್ಷ್ಮಗಳು ಮುಂದೆ ತಿದ್ದಲ್ಪಟ್ಟರೂ ತಾಯಿಯ ಕೈ ವ್ಯರ್ಥವಲ್ಲವೆಂಬದು ನಿಂತಿದೆ. ಸಿಸಿಲಿ ಸಾಂಡರ್ಸ್ ಎಂಬಾಕೆಯು ವಾಸಿಯಾಗದ ರೋಗಿಗಳಿಗಾಗಿ ೧೯೬೭ರಲ್ಲಿ ಲಂಡನಿನಲ್ಲಿ ಒಂದು ಆಶ್ರಯಮಂದಿರವನ್ನು ತೆರೆದು, ರೋಗವನ್ನು ಗೆಲ್ಲಲಾಗದ ಕಡೆಯಲ್ಲಿಯೂ ನೋವನ್ನು ಗೆಲ್ಲುವದು ವೈದ್ಯರ ಕರ್ತವ್ಯವೆಂದು ತೋರಿಸಿದರು. ಅಂಥಾದ್ದೇ ಕೆಲಸವನ್ನು ಬೆಂಗಳೂರಿನ ಕರುಣಾಶ್ರಯವು ೧೯೯೯ರಿಂದ ಕ್ಯಾನ್ಸರ್ ರೋಗಿಗಳಿಗಾಗಿ ಮಾಡುತ್ತಾ ಬಂದಿದೆ. ದಾರಿಯಲ್ಲಿ ಬಿದ್ದವನಿಗೆ ಸಮಾರ್ಯದವನು ತಾಳ್ಮೆಯನ್ನು ಬೋಧಿಸಲಿಲ್ಲ. ಅವನ ಗಾಯಗಳಿಗೆ ಎಣ್ಣೆ ಹೊಯ್ದು ಕಟ್ಟಿದನೆಂಬದನ್ನು ನಾವೆಲ್ಲರೂ ಬಲ್ಲೆವು.

ಈ ಉಪಶಮನವು ಹಣವಂತರಿಗೆ ಮಾತ್ರ ದೊರೆಯುವದಲ್ಲ. ಗದ್ದವು ಎದೆಗೆ ಬಾಗದಂತೆಯೂ ತಲೆಯು ಹಿಂದಕ್ಕೆ ಜೋಲದಂತೆಯೂ ತಗ್ಗಾದ ಒಂದು ದಿಂಬನ್ನು ಕತ್ತಿಗೂ ಆಧಾರವಾಗುವಂತೆ ಇಡಬೇಕು. ಮಲಗಿದರೆ ಉಸಿರುಕಟ್ಟುವವರಿಗೆ ತಲೆಯನ್ನು ಮಾತ್ರ ಎತ್ತದೆ ಬೆನ್ನನ್ನೂ ಸೇರಿಸಿ ಎತ್ತರಿಸಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ೧೫ ಅಥವಾ ೨೦ ನಿಮಿಷ ಕಾವು ಕೊಡಬಹುದು. ಅದಕ್ಕೆ ಮೊದಲು ಕೊಡುವವರು ಅದನ್ನು ತಮ್ಮ ಕೈಗೆ ತಾಗಿಸಿ ನೋಡಬೇಕು, ಯಾಕಂದರೆ ಸ್ಪರ್ಶಜ್ಞಾನ ಕುಂದಿದ ರೋಗಿಯು ಚರ್ಮ ಸುಡುವದನ್ನು ಅರಿಯನು. ಕಾವಿನ ತರುವಾಯ ಹಗುರವಾದ ಕೈಯಿಂದ ಹೆಗಲನ್ನು ನೀವಬಹುದು. ರೋಗಿಯು ತಾನೇ ಹೆಗಲುಗಳನ್ನು ಮೇಲಕ್ಕೆತ್ತಿ ಇಳಿಸುವದೂ, ಮುಖವನ್ನು ನೋಯದಷ್ಟು ಮಟ್ಟಿಗೆ ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸುವದೂ ದಿನಕ್ಕೆ ಹಲವು ಸಾರಿ ಆಗಬೇಕು. ಅಲುಗಾಡದೆ ಬಿದ್ದಿರುವದು ವಿಶ್ರಾಂತಿಯೆಂದು ತೋರಿದರೂ ಬಿಗಿತವನ್ನೇ ಹೆಚ್ಚಿಸುವದು.

ಮೂರನೇದಾಗಿ, ಉಪಶಮನವು ಕೇಡಾಗಬಾರದು. ಕನಿಕರಕ್ಕೆ ವಿವೇಕವೂ ಬೇಕು. ನಮ್ಮ ಊರುಗಳಲ್ಲಿ ಕ್ಷೌರಿಕನಿಂದ ಕುತ್ತಿಗೆಯನ್ನು ಥಟ್ಟನೆ ತಿರುವಿಸಿಕೊಂಡು ನೆಟಿಕೆ ಮುರಿಸಿಕೊಳ್ಳುವ ವಾಡಿಕೆಯುಂಟು. ಬಹುಕಾಲದ ಸಂಧಿವಾತವುಳ್ಳವರಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಕಟ್ಟು ಸಡಿಲಾಗಿರಬಹುದು. ಅಂಥವರ ಕುತ್ತಿಗೆಯನ್ನು ತಿರುವಿದರೆ ಬೆನ್ನುಹುರಿಯೇ ನಲುಗಬಹುದು. ಆರೋಗ್ಯವಂತರಲ್ಲಿಯೂ ಮೆದುಳಿಗೆ ಹೋಗುವ ರಕ್ತನಾಳವು ಹರಿದು ಪಾರ್ಶ್ವವಾಯು ಬಂದದ್ದುಂಟು. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಔಷಧವು ಗುಟ್ಟಾಗಿ ಬೆರೆತಿರುವದುಂಟು. ನೋವಿನ ಮಾತ್ರೆಗಳಲ್ಲಿ ಹಲವು ಬಹುದಿನ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡುವವು, ಮೂತ್ರಪಿಂಡವನ್ನೂ ಕೆಡಿಸುವವು. ಆದದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಜ್ವರದೊಡನೆ ಕುತ್ತಿಗೆ ಸೆಟೆದರೆ, ಕೈಕಾಲುಗಳಲ್ಲಿ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬಿದ್ದ ಮೇಲೆ ನೋವು ಬಂದರೆ, ಕ್ಯಾನ್ಸರ್ ಅಥವಾ ಕ್ಷಯ ಇದ್ದವರಿಗೆ ಹೊಸ ನೋವು ಕಾಣಿಸಿದರೆ, ಮನೆಯ ಉಪಚಾರಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಬೇಕು.

ಹಾಗಾದರೆ ತಾಳ್ಮೆಗೆ ಸ್ಥಳವೆಲ್ಲಿ? ಇದೆ, ದೊಡ್ಡದಾಗಿಯೇ ಇದೆ. ಮಾಡಬೇಕಾದದ್ದನ್ನೆಲ್ಲಾ ಮಾಡಿದ ಮೇಲೆಯೂ ಸ್ವಲ್ಪ ನೋವು ಉಳಿಯುವದು. ಆ ಉಳಿದದ್ದಕ್ಕೆ ತಾಳ್ಮೆಯು ಬೇಕು. ರೋಗಿಯಾದವರೇ, ನೋವನ್ನು ಹೇಳುವದು ಅಧೈರ್ಯವಲ್ಲ. ಅಡಗಿಸಿದರೆ ನಿಮ್ಮನ್ನು ಪ್ರೀತಿಸುವವರ ಕೈಗಳನ್ನು ಕಟ್ಟಿಹಾಕಿದ ಹಾಗಾಗುವದು. ಆರೈಕೆ ಮಾಡುವವರೇ, ನಿಮಗೂ ಬೇಸರವಾಗುವದು, ನಿಮ್ಮ ಬೆನ್ನೂ ನೋಯುವದು. ಆದದರಿಂದ ಒಬ್ಬರೇ ಹೊರದೆ ಸರದಿಯ ಮೇಲೆ ಹೊರಿರಿ; ನೆರೆಯವರು ಒಂದು ಸಂಜೆ ಬಂದು ಕಾವಿನ ಬಟ್ಟೆಯನ್ನು ಹಿಂಡಿ ಕೊಟ್ಟರೆ ಎರಡು ಜೀವಗಳಿಗೆ ಉಪಶಮನವಾದೀತು.

ಇನ್ನೊಬ್ಬನ ನೋವನ್ನು ತಾಳಿಕೊಳ್ಳುವದು ನಮಗೆ ಬಹು ಸುಲಭ. ಹಾಗಿರಲಾಗಿ "ತಾಳಿಕೋ" ಎಂಬ ಮಾತು ನಮ್ಮ ಬಾಯಿಂದ ಹೊರಡುವದಕ್ಕೆ ಮುಂಚೆ, ದಿಂಬನ್ನು ಸರಿಮಾಡಿದೆವೋ, ಕಾವು ಕೊಟ್ಟೆವೋ, ವೈದ್ಯರನ್ನು ವಿಚಾರಿಸಿದೆವೋ, ಎಲ್ಲಕ್ಕಿಂತ ಮೊದಲು ಅವರು ಹೇಳಿದ್ದನ್ನು ನಂಬಿದೆವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.