ಹಳೆಯ ಉಪಕರಣದವನ ಪಾಲು

ಹೊಸ ಉಪಕರಣ ಉಳ್ಳವನು, ಹಳೆಯದರಲ್ಲಿಯೇ ಕೆಲಸ ನಡೆಸುತ್ತಿರುವ ಅಪರಿಚಿತನಿಗಾಗಿ ಎಷ್ಟರ ಮಟ್ಟಿಗೆ ಶ್ರಮಿಸಬೇಕು? ದಾನ, ಅತಿಥಿಸತ್ಕಾರಗಳ ಪ್ರಸಂಗದಲ್ಲಿ ಇಂತಹ ಪ್ರಶ್ನೆಗಳನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ಆದರೆ ನಮ್ಮ ಮನೆಗಳ ಅನೇಕ ಮಕ್ಕಳು ಇಂದು ಕೈಗೊಂಡಿರುವ ಗಣಕ ವೃತ್ತಿಯಲ್ಲಿಯೂ ಇದೇ ಪ್ರಶ್ನೆ ದಿನನಿತ್ಯ ಏಳುತ್ತದೆಂಬುದನ್ನು ಹಿರಿಯರಾದ ನಾವು ಅಷ್ಟಾಗಿ ಗಮನಿಸಿಲ್ಲ.

ಸಾಫ್ಟ್‌ವೇರ್ ರಚಿಸುವವನು ಬರೆದಿಡುವುದು ಮೂಲಪಾಠವನ್ನು. ಅದನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರಲು, ಯಾವುದನ್ನು ಮೊದಲು, ಯಾವುದನ್ನು ಅನಂತರ, ಹೇಗೆ ಜೋಡಿಸಬೇಕೆಂಬ ಆದೇಶಗಳ ಇನ್ನೊಂದು ಬರಹ ಬೇಕಾಗುತ್ತದೆ. ಅದೇ ಬಿಲ್ಡ್ ಸ್ಕ್ರಿಪ್ಟ್. ಅದನ್ನು ಓದಿ ನಡೆಸಲು ಮೇಕ್, ಸಿಮೇಕ್, ಬ್ಯಾಷ್ ಮೊದಲಾದ ಉಪಕರಣಗಳಿವೆ, ಪ್ರತಿಯೊಂದಕ್ಕೂ ಆವೃತ್ತಿಗಳುಂಟು. ಬರೆದವನಲ್ಲಿರುವ ಆವೃತ್ತಿಯೇ ಪಡೆದವನಲ್ಲಿಯೂ ಇರಬೇಕೆಂಬ ನಿಯಮವಿಲ್ಲ.

ಹಳೆಯದನ್ನು ಇಟ್ಟುಕೊಂಡವನು ಸೋಮಾರಿಯೆಂದು ಬಗೆಯುವುದು ಅನ್ಯಾಯ. ಆಪಲ್ ಸಂಸ್ಥೆಯು ತನ್ನ ಮ್ಯಾಕ್ ಗಣಕಗಳಿಗೆ ಒದಗಿಸುತ್ತ ಬಂದಿರುವ ಮೇಕ್ 3.81 ಮತ್ತು ಬ್ಯಾಷ್ 3.2 ಇವೆರಡೂ 2006ರ ಆವೃತ್ತಿಗಳು. ಮುಂದಿನವು ಜಿಪಿಎಲ್ ಪರವಾನಗಿಯ ಮೂರನೆಯ ರೂಪದಲ್ಲಿ ಬಂದವು. ಅವನ್ನು ಆಪಲ್ ತೆಗೆದುಕೊಳ್ಳಲಿಲ್ಲ. ಗಣಕವನ್ನು ಕೊಂಡ ಗಿರಾಕಿಗೆ ಈ ಸಂಗತಿಯ ಸುಳಿವೇ ಇರುವುದಿಲ್ಲ. 2014ರಲ್ಲಿ ಬಂದು 2024ರ ಜೂನ್‌ವರೆಗೆ ಸಾಮಾನ್ಯ ಪೋಷಣೆ ಪಡೆದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿದ್ದದ್ದು ಸಿಮೇಕ್ 2.8. ಬದಲಾವಣೆ ಬೇಡವೆಂದೇ ಹಣ ತೆತ್ತು ಅದನ್ನು ಇಟ್ಟುಕೊಂಡವರಿದ್ದರು.

ಈಗ ಹಾನಿಯ ವಿಚಾರ. 2010ರ ಮೇಕ್ 3.82ರಲ್ಲಿ ‘ಒನ್‌ಶೆಲ್’ ಎಂಬ ಸೂಚನೆ ಬಂದಿತು. ಒಂದು ಕಾರ್ಯದ ಆದೇಶಗಳನ್ನೆಲ್ಲ ಒಂದೇ ಪ್ರಸಂಗವಾಗಿ ನಡೆಸಬೇಕೆಂದು ಅದರ ಅರ್ಥ. 3.81ಕ್ಕೆ ಇದು ತಿಳಿಯದು. ತಿಳಿಯದೆಂದು ಹೇಳುವುದೂ ಇಲ್ಲ. ಸುಮ್ಮನೆ ದಾಟಿಹೋಗಿ, ತನ್ನ ರೂಢಿಯಂತೆ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ನಡೆಸುತ್ತದೆ. ಮೊದಲ ಸಾಲಿನಲ್ಲಿ ‘ಇಂತಹ ಕೋಶದೊಳಕ್ಕೆ ಹೋಗು’ ಎಂದೂ, ಎರಡನೆಯದರಲ್ಲಿ ‘ಇಲ್ಲಿರುವುದನ್ನೆಲ್ಲ ಅಳಿಸು’ ಎಂದೂ ಬರೆದಿದೆಯೆನ್ನಿ. ಒಳಗೆ ಹೋದದ್ದು ಮೊದಲ ಸಾಲಿಗೇ ಮುಗಿಯಿತು. ಅಳಿಸುವಿಕೆ ನಡೆದದ್ದು ಹೊರಗೆ! ಬರೆದವನ ಮೇಜಿನ ಮೇಲೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಹಳೆಯ ಆವೃತ್ತಿಗೆ ಆಸರೆ ಕೊಡದಿರುವುದು ನನ್ನ ದೃಷ್ಟಿಯಲ್ಲಿ ದೋಷವಲ್ಲ. ಹೇಳದೆ ಒಳಗೆ ಬಿಟ್ಟುಕೊಳ್ಳುವುದು ದೋಷ. ಮೇಕ್ ತನ್ನ ಆವೃತ್ತಿಯನ್ನು ತಾನೇ ತಿಳಿಸಬಲ್ಲದು. ಅದನ್ನು ಪರೀಕ್ಷಿಸಿ, ಸಾಲದಿದ್ದರೆ ನಿಲ್ಲಿಸುವ ಮಾತನ್ನು ಆರಂಭದಲ್ಲಿಯೇ ಬರೆಯಲು ಎರಡು ಮೂರು ಸಾಲು ಸಾಕು.

ಸಿಮೇಕ್ ಈ ಘೋಷಣೆಯನ್ನು ವಿಧಿಯಾಗಿಯೇ ಮಾಡಿದೆ: ಕನಿಷ್ಠ ಯಾವ ಆವೃತ್ತಿ ಬೇಕೆಂದು ಮೊದಲೇ ಬರೆಯಬೇಕು. ಆದರೆ ಅನೇಕರು ಅಲ್ಲಿ ಹಳೆಯ ಕಡತದಿಂದ ನಕಲು ಮಾಡಿದ 2.8 ಎಂಬ ಅಂಕೆಯನ್ನಿಟ್ಟು, ಕೆಳಗೆ 3ನೆಯ ಶ್ರೇಣಿಯ ಸೌಲಭ್ಯಗಳನ್ನು ಬಳಸುತ್ತಾರೆ. ವ್ಯಾಪಾರಿಯಾದ ನನಗೆ ಇದು ತೂಗದೆಯೇ ತೂಕದ ಚೀಟಿ ಅಂಟಿಸಿದ ಮೂಟೆಯಂತೆ ಕಾಣುತ್ತದೆ. ಆ ಆವೃತ್ತಿಯಲ್ಲಿ ನಡೆಸಿ ನೋಡದವನಿಗೆ ಆ ಅಂಕೆಯನ್ನು ಬರೆಯುವ ಅಧಿಕಾರವಿಲ್ಲ.

ಹಾಗೆಂದು ಹಳಬರ ಮೇಲಿನ ದಾಕ್ಷಿಣ್ಯಕ್ಕೆ ಮಿತಿಯೇ ಬೇಡವೇ? ಮೇಕ್ ಅನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರಚಿಸಿದವರು ಸ್ಟುವರ್ಟ್ ಫೆಲ್ಡ್‌ಮನ್. ಆದೇಶದ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕೆಂಬ ಕಟ್ಟಳೆ ಅದರಲ್ಲಿತ್ತು. ಟ್ಯಾಬಿಗೂ ಬರಿಯ ಖಾಲಿ ಜಾಗಕ್ಕೂ ಕಣ್ಣಿಗೆ ಭೇದ ಕಾಣದು. ಅದನ್ನು ತಿದ್ದುವ ವಿಚಾರ ಬರುವಷ್ಟರಲ್ಲಿ ಹನ್ನೆರಡರಷ್ಟು ಬಳಕೆದಾರರು ಆಗಿಹೋಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಫೆಲ್ಡ್‌ಮನ್ ಬಿಟ್ಟುಬಿಟ್ಟರು. ಆ ಹನ್ನೆರಡು ಜನರಿಗೆ ತೋರಿದ ಸೌಜನ್ಯದ ಭಾರವನ್ನು ಅರ್ಧ ಶತಮಾನದಿಂದ ಜಗತ್ತಿನ ವಿದ್ಯಾರ್ಥಿಗಳೆಲ್ಲ ಹೊರುತ್ತಿದ್ದಾರೆ. ಎದುರಿಗಿದ್ದವರನ್ನು ಎಣಿಸಿದಂತೆ, ಇನ್ನೂ ಬಾರದವರನ್ನೂ ಎಣಿಸಬೇಕಿತ್ತು. ಆದರೆ ಇಷ್ಟು ಜನ ಬರುವರೆಂದು ಆಗ ಯಾರು ತಿಳಿದಿದ್ದರು?

ಸಿಮೇಕ್ ಬೇರೆ ದಾರಿ ಹಿಡಿಯಿತು. 3.5ಕ್ಕಿಂತ ಹಿಂದಿನದರ ಹೊಂದಾಣಿಕೆ ನಿಲ್ಲುವುದೆಂದು 2023ರಲ್ಲಿ ಎಚ್ಚರಿಸಿ, 2025ರ ಮಾರ್ಚ್‌ನಲ್ಲಿ ಬಂದ 4.0ರಲ್ಲಿ ನಿಲ್ಲಿಸಿತು. ಮುಂಚಿತವಾಗಿ ತಿಳಿಸಿದ್ದು ನ್ಯಾಯವೇ. ಆದರೂ ಆ ಎಚ್ಚರಿಕೆ ಕಾಣಿಸಿದ್ದು ಸ್ಕ್ರಿಪ್ಟನ್ನು ನಡೆಸುವವನಿಗೆ. ಅದನ್ನು ಬರೆದು ಎಂದೋ ಕೈಬಿಟ್ಟವನಿಗೆ ಅದು ತಲುಪಲಿಲ್ಲ. ಒಡೆಯನಿಲ್ಲದ ಎಷ್ಟೋ ಗ್ರಂಥಾಲಯಗಳು ಅಂದು ನಿಂತುಹೋದವು. ಬಳಸುವವನೇ ಒಂದು ಆಯ್ಕೆಯನ್ನು ಸೇರಿಸಿ, 3.5 ಎಂದೇ ತಿಳಿದು ನಡೆಸೆಂದು ಹೇಳುವ ಅವಕಾಶವನ್ನು 4.0ರಲ್ಲಿಯೇ ಇಟ್ಟಿದ್ದರು, ಫಲಾಫಲ ಅವನದೇ. ಹಲವೆಡೆ ಬೇಕಾದದ್ದು ಒಂದು ಸಾಲಿನ ಒಂದು ಅಂಕೆಯ ತಿದ್ದುಪಡಿ ಮಾತ್ರ. ಲಿನಕ್ಸ್ ವಿತರಣೆಗಳನ್ನು ನೋಡಿಕೊಳ್ಳುವ ಸ್ವಯಂಸೇವಕರು, ತಾವು ಬರೆಯದ ಆ ಕಡತಗಳನ್ನು ಒಂದೊಂದಾಗಿ ತೆರೆದು, ಅಂಕೆಯನ್ನು ಬದಲಿಸಿ, ಮತ್ತೆ ನಡೆಸಿ ನೋಡಿದರು.