ಇಂದಿನ ಧಮ್ಮ ಚಿಂತನೆ: ಶೀಲ ಮುರಿದವನ ಮೇಲ್ಮನವಿ



ಧಮ್ಮ ಬಂಧುಗಳೇ,

ಐದನೆಯ ಶೀಲ ಮುರಿದವನಿಗಾಗಿ ಉಪಾಸಕರು ಓಡಾಡಬಹುದೇ? ಈ ಪ್ರಶ್ನೆ ನಮ್ಮ ಬಳಗದ ಮುಂದಿದೆ. ಆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಆಕೆ ಪೌರಕಾರ್ಮಿಕರು. 23 ವರ್ಷದ ಮಗ ಆಟೋ ಓಡಿಸುತ್ತಿದ್ದ. 6 ಕೆಜಿ ಗಾಂಜಾ ಇದ್ದ ಚೀಲವನ್ನು ತಲುಪಿಸಲು ಹೋಗಿ ಸಿಕ್ಕಿಬಿದ್ದ. 7 ವರ್ಷ ಕಠಿಣ ಸಜೆ, 50 ಸಾವಿರ ದಂಡ ಆಗಿದೆ. ಚೀಲ ಕೊಟ್ಟವನು ಯಾರೆಂಬುದು ಕೇಸಿನಲ್ಲೇ ಇಲ್ಲ. ಜೈಲಿನ ಭೇಟಿಯಲ್ಲಿ ಮಗ ಹೇಳಿದ್ದಾನೆ: "ಅವ್ವಾ, ಚೀಲದಾಗ ಏನದ ಅಂತ ನನಗ ಗೊತ್ತಿತ್ತು. ಎರಡು ಸಾವಿರ ಕೊಡ್ತೀನಿ ಅಂದಿದ್ರು."

ಈಗ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕೇ ಎಂದು ಆಕೆ ಕೇಳುತ್ತಿದ್ದಾರೆ. ನಮ್ಮ ಹಿರಿಯರೊಬ್ಬರು, "ನಮ್ಮ ಓಣಿ ಹುಡುಗರನ್ನ ಹಾಳು ಮಾಡಿದಾಂವಗ ನಾವ್ಯಾಕ ನಿಲ್ಲಬೇಕು?" ಎಂದರು. ಅವರ ಸಿಟ್ಟಿಗೆ ಕಾರಣವಿದೆ. ಅವರ ತಂಗಿಯ ಮಗ ಗಾಂಜಾ ಚಟಕ್ಕೆ ಬಿದ್ದು ಕಾಲೇಜು ಬಿಟ್ಟಿದ್ದಾನೆ. ಯುವಕರೊಬ್ಬರು, "ಪೊಲೀಸರೇ ಚೀಲ ಇಟ್ಟರು ಅಂತ ಇಬ್ಬರು ಸಾಕ್ಷಿ ಹೇಳಿದ್ರ ಆಯ್ತಲ್ಲ" ಎಂದರು. ಒಂದು ಕೈಬಿಡುವ ದಾರಿ, ಇನ್ನೊಂದು ಸುಳ್ಳಿನ ದಾರಿ. ಭಗವಾನ್ ಬುದ್ಧರು ತೋರಿದ್ದು ಈ ಎರಡನ್ನೂ ಅಲ್ಲ.

ಮೊದಲು ತಪ್ಪನ್ನು ತಪ್ಪು ಎನ್ನೋಣ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಭಗವಾನರು ಎಣಿಸಿದ್ದಾರೆ: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು, ವಿಷ. ಕುಡಿಯುವವನು ತನ್ನ ಶೀಲ ಕೆಡಿಸಿಕೊಳ್ಳುತ್ತಾನೆ, ಮಾರುವವನು ಹತ್ತು ಮನೆಗಳ ಶೀಲ ಕೆಡಿಸುತ್ತಾನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಇದೆ. ಬಡತನ ಇತ್ತು ಎಂಬ ಮಾತು ನಿಜ, ಆದರೆ ಅದು ಚೀಲವನ್ನು ಹಗುರ ಮಾಡುವುದಿಲ್ಲ.

ಹಾಗಾದರೆ ಶಿಕ್ಷೆಯ ವಿರುದ್ಧ ಹೋಗುವುದು ಅಧಮ್ಮವೇ? ವಿನಯ ಪಿಟಕದ ಚುಲ್ಲವಗ್ಗ ಶುರುವಾಗುವುದೇ ಇಂಥ ಪ್ರಶ್ನೆಯಿಂದ. ಪಂಡುಕ, ಲೋಹಿತಕ ಎಂಬ ಭಿಕ್ಷುಗಳ ಗುಂಪು ಸಂಘದಲ್ಲಿ ಜಗಳ ಹಚ್ಚುತ್ತಿತ್ತು. ಅವರ ತಪ್ಪಿನ ಬಗ್ಗೆ ಸಂಶಯವಿರಲಿಲ್ಲ. ಭಗವಾನರು ದಂಡನೆ ವಿಧಿಸಿ ಎಂದರು, ಹೇಗೆ ವಿಧಿಸಬೇಕೆಂಬುದನ್ನೂ ಹೇಳಿದರು. ಮೊದಲು ಆರೋಪ ತಿಳಿಸಬೇಕು, ನೆನಪಿಸಬೇಕು, ಯಾವ ನಿಯಮ ಮುರಿದರೆಂದು ಹೇಳಬೇಕು. ಅವರ ಎದುರಿಗಲ್ಲದೆ, ಅವರನ್ನು ವಿಚಾರಿಸದೆ ಕೊಟ್ಟ ದಂಡನೆ ಧಮ್ಮದ ಕಾರ್ಯವಲ್ಲ ಎಂದರು. ತಪ್ಪು ಮಾಡಿದವರ ವಿಷಯದಲ್ಲೂ ಇದೇ ನಿಯಮ! ಆಮೇಲೆ ಅವರು ಸರಿಯಾಗಿ ನಡೆದುಕೊಂಡು, ತಾವೇ ಸಂಘದ ಮುಂದೆ ಬಂದು ದಂಡನೆ ತೆಗೆಯಿರಿ ಎಂದು ಕೇಳಿದಾಗ ಸಂಘ ಅದನ್ನು ತೆಗೆಯಿತು.

ಅಂದರೆ ದಂಡನೆ ವಿಧಿಬದ್ಧವಾಗಿರಬೇಕು, ತಪ್ಪಿಗೆ ತಕ್ಕಷ್ಟೇ ಇರಬೇಕು, ಪುನಃ ಕೇಳಿಕೊಳ್ಳಲು ಬಾಗಿಲೂ ತೆರೆದಿರಬೇಕು. ಮೇಲ್ಮನವಿ ಎಂದರೆ ಆ ಬಾಗಿಲು. ಬಾಬಾಸಾಹೇಬರೂ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಮಾಡಿದವರು. ಕೋರ್ಟಿನ ಮೆಟ್ಟಿಲು ಹತ್ತುವುದು ನಾಚಿಕೆಯ ಕೆಲಸವಲ್ಲ.

ಆದರೆ ನಾಲ್ಕನೆಯ ಶೀಲ? ತಪ್ಪು ಮಾಡಿದ್ದು ಗೊತ್ತಿದ್ದೂ ಮೇಲ್ಮನವಿ ಹಾಕಿದರೆ ಅದು ಸುಳ್ಳಾಗುವುದಿಲ್ಲವೇ? ಇಲ್ಲಿ ಗೆರೆ ಸ್ಪಷ್ಟವಾಗಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಆರೋಪಿಯನ್ನು ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಜಪ್ತಿ ಮಾಡಿದ ಮಾಲಿನ ಸ್ಯಾಂಪಲ್ ಮ್ಯಾಜಿಸ್ಟ್ರೇಟರ ಎದುರು ತೆಗೆದರೇ, ತೂಕ ಸರಿಯಾಗಿ ಮಾಡಿದರೇ ಎಂದು ಕೇಳುವುದು ಸುಳ್ಳಲ್ಲ. ಅದು ಸರ್ಕಾರಕ್ಕೆ "ನಿನ್ನ ಕಾನೂನನ್ನು ನೀನೂ ಪಾಲಿಸು" ಎಂದಂತೆ. ಈ ಕಾನೂನು ಸಡಿಲವಾದರೆ ನಾಳೆ ಏನೂ ಮಾಡದವನ ಚೀಲದಲ್ಲೂ ಗಾಂಜಾ ಸಿಗಬಹುದು. ಆದರೆ ಪೊಲೀಸರೇ ಇಟ್ಟರು ಎಂದು ಸಾಕ್ಷಿ ಕಲಿಸುವುದು ಮುಸಾವಾದ. ಅದಕ್ಕೆ ನಮ್ಮಲ್ಲಿ ಒಬ್ಬರೂ ಕೈಹಾಕಬಾರದು.

ಈಗ ತಿಳಿದಿರಬೇಕಾದ ಮಾತುಗಳು. ಇಂಥ ಕಷ್ಟ ಬೇರೆಯವರ ಮನೆಗೂ ಬಂದಿರಬಹುದು.

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ತೂಕದ ಮೇಲೆ ನಿಂತಿದೆ. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ ಮತ್ತು 1 ಲಕ್ಷದವರೆಗೆ ದಂಡ, ಆದರೆ ಕನಿಷ್ಠ ಇಷ್ಟೇ ಎಂದು ಹೇಳಿಲ್ಲ. ಆದ್ದರಿಂದ ಈ ಹುಡುಗನ ವಯಸ್ಸು, ಇದು ಮೊದಲ ತಪ್ಪು, ಅವನು ಬರೀ ಹೊತ್ತವನು ಎಂಬುದನ್ನೆಲ್ಲ ಹೇಳಿ ಶಿಕ್ಷೆ ಕಡಿಮೆ ಮಾಡಿ ಎಂದು ಹೈಕೋರ್ಟನ್ನು ಕೇಳಲು ಜಾಗವಿದೆ. ಗಾಂಜಾ ಎಂದರೆ ಗಿಡದ ಹೂವು, ಕಾಯಿಯ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾದ ಲೆಕ್ಕಕ್ಕೆ ಬರುವುದಿಲ್ಲ. ತೂಕದಲ್ಲಿ ಏನೇನು ಸೇರಿತ್ತು ಎಂಬುದನ್ನೂ ವಕೀಲರು ನೋಡಬೇಕು.

ಹೈಕೋರ್ಟಿಗೆ ಮೇಲ್ಮನವಿ ಹಾಕಲು ಶಿಕ್ಷೆಯ ದಿನದಿಂದ 60 ದಿನ ಗಡುವು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಬಿಡುತ್ತಾರೆ. ಗಡುವು ದಾಟಿದ್ದರೂ ಕಾರಣ ಹೇಳಿ ಕೇಳಿಕೊಳ್ಳಬಹುದು. ಜೈಲಿನಲ್ಲಿರುವವನು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ತೀರ್ಪಿನ ಪ್ರತಿ ಅವನಿಗೆ ಉಚಿತ. "ಮೇಲೆ ಹೋದ್ರ ಶಿಕ್ಷೆ ಜಾಸ್ತಿ ಆಗ್ತದ" ಎಂದು ಆ ತಾಯಿಗೆ ಯಾರೋ ಹೆದರಿಸಿದ್ದಾರೆ. ಶಿಕ್ಷೆಗೊಳಗಾದವನು ತಾನೇ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ಪ್ರಕ್ರಿಯೆ, ಬೇರೆಯೇ ನೋಟಿಸ್ ಬೇಕು.

ವಕೀಲರಿಗೆ ಕೊಡಲು ಆಕೆ ಕಿವಿಯ ಬೆಂಡೋಲೆ ಮಾರಲು ಹೊರಟಿದ್ದರು. ಬೇಡ ಎಂದು ನಿಲ್ಲಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಸಹಾಯವಾಣಿ 15100. ಇದು ಭಿಕ್ಷೆಯಲ್ಲ, ಹಕ್ಕು.

ಹಾಗಾದರೆ ನಮ್ಮ ಕೆಲಸವೇನು? ಮೂರು ಮಾತು ಮುಂದಿಡುತ್ತೇನೆ.

ಒಂದು, ತೀರ್ಪು ಬಂದು ಇಂದಿಗೆ 31 ದಿನ. ಈ ವಾರವೇ ಇಬ್ಬರು ಆ ತಾಯಿಯ ಜೊತೆ ಕಾನೂನು ಸೇವೆಗಳ ಕಚೇರಿಗೆ ಹೋಗಬೇಕು. ಆಕೆಗೆ ಓದಲು ಬರುವುದಿಲ್ಲ, ಒಂದು ದಿನದ ಕೂಲಿಯೂ ಹೋಗುತ್ತದೆ. ಕೂಡಿಸುವ ಹಣ ಅದಕ್ಕೆ ಮತ್ತು ಬಸ್ ಚಾರ್ಜಿಗೆ.

ಎರಡು, ಹಿರಿಯರ ಮಾತು ಬಿಟ್ಟುಬಿಡುವಂಥದ್ದಲ್ಲ. ಚಟಕ್ಕೆ ಬಿದ್ದ ಅವರ ಹುಡುಗನ ಮನೆಗೂ ಹೋಗಬೇಕು. ಜೈಲಿನಲ್ಲಿರುವವನಿಗೆ ಮಾತ್ರ ಕರುಣೆ ತೋರಿಸಿ, ಗಾಂಜಾದಿಂದ ಕೆಟ್ಟವನನ್ನು ಮರೆತರೆ ನಮ್ಮ ಮೈತ್ರಿ ಅರ್ಧವೇ ಆಗುತ್ತದೆ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದೇ ಕೆಲಸದ ಇನ್ನೊಂದು ಕೈ.

ಮೂರು, ಮೇಲ್ಮನವಿಯಿಂದ ಏನು ಬರುತ್ತದೋ ಗೊತ್ತಿಲ್ಲ. ಶಿಕ್ಷೆ ಕಡಿಮೆಯಾಗಬಹುದು, ಹಾಗೇ ಉಳಿಯಬಹುದು. ಏನೇ ಆದರೂ ಆ ಹುಡುಗ ಒಂದು ದಿನ ಹೊರಗೆ ಬರುತ್ತಾನೆ. ಅಂದು ಗೇಟಿನ ಹತ್ತಿರ ಎರಡು ಸಾವಿರ ಕೊಡುವವನು ಮೊದಲು ನಿಂತಿರುತ್ತಾನೋ, ನಾವೋ?

ಚೇತನವೇ ಕಮ್ಮ ಎಂದರು ಭಗವಾನರು. ಅವನ ಹಳೆಯ ಚೇತನಕ್ಕೆ ಕೋರ್ಟು ಲೆಕ್ಕ ಹಾಕಿದೆ. ಅವನ ಮುಂದಿನ ಚೇತನದಲ್ಲಿ ನಮ್ಮ ಪಾಲೂ ಇದೆ. ಇಂದು ತ್ರಿಸರಣ, ಪಂಚಶೀಲ ಹೇಳುವಾಗ ಐದನೆಯ ಶೀಲದ ಹತ್ತಿರ ಸ್ವಲ್ಪ ನಿಂತು, ನಮ್ಮ ಓಣಿಯ ಒಬ್ಬ ಹುಡುಗನನ್ನು ನೆನೆಯಿರಿ. ಸಂಜೆ ಅವನನ್ನು ಮಾತಾಡಿಸಿ.

ಕಚೇರಿಗೆ ಬರಲು ಆಗುವವರು ನಾಳೆಯೊಳಗೆ ತಿಳಿಸಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.